ಮೆಗಾಪಿಕ್ಸೆಲ್ ಲೆಕ್ಕ: ಹೆಚ್ಚಿದಷ್ಟೂ ಚಿತ್ರ ಚೆನ್ನವೇ?

ಕ್ಯಾಮೆರಾ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಮೆಗಾಪಿಕ್ಸೆಲ್?’ ಎಂದು. ಮೊಬೈಲ್ ಕೊಳ್ಳುವವರದೂ ಅದೇ ಪ್ರಶ್ನೆ. ಲೆನ್ಸ್ ಎಂಥದು, ಸೆನ್ಸರ್ ಎಷ್ಟು ದೊಡ್ಡದು ಎಂದು ವಿಚಾರಿಸುವವರು ವಿರಳ. ಒಂದೇ ಸಂಖ್ಯೆಯಿಂದ ಗುಣವನ್ನು ಅಳೆದುಬಿಡಬಹುದೆಂಬ ಈ ನಂಬಿಕೆಯನ್ನು ಜಾಹೀರಾತುಗಳು ಎರಡು ದಶಕಗಳಿಂದ ಪೋಷಿಸಿಕೊಂಡು ಬಂದಿವೆ. ಅದಕ್ಕೆ ಬೆಲೆ ತೆರುವವನು ಮಾತ್ರ ಗ್ರಾಹಕ.

ಡಿಜಿಟಲ್ ಚಿತ್ರವೆಂದರೆ ಚುಕ್ಕಿಗಳ ಜಾಲ. ಒಂದೊಂದು ಚುಕ್ಕಿಯೂ ಒಂದು ಪಿಕ್ಸೆಲ್. ಹತ್ತು ಲಕ್ಷ ಪಿಕ್ಸೆಲ್ ಸೇರಿದರೆ ಒಂದು ಮೆಗಾಪಿಕ್ಸೆಲ್. 1975ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ನಿರ್ಮಿಸಿದ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದದ್ದು ಕೇವಲ 10 ಸಾವಿರ ಪಿಕ್ಸೆಲ್. ಅಲ್ಲಿಂದ 200 ಮೆಗಾಪಿಕ್ಸೆಲ್‌ವರೆಗಿನ ಪಯಣ ಬೆರಗು ಹುಟ್ಟಿಸುವಂಥದೇ, ಸಂದೇಹವಿಲ್ಲ. ಆದರೆ ನಮಗೆ ನಿಜಕ್ಕೂ ಎಷ್ಟು ಬೇಕು?

ಉತ್ತಮ ಮುದ್ರಣಕ್ಕೆ ಅಂಗುಲಕ್ಕೆ 300 ಚುಕ್ಕಿಗಳು ಸಾಕೆಂಬುದು ರೂಢಿಯ ಲೆಕ್ಕ. ಆಲ್ಬಮ್ಮಿಗೆ ಹಾಕುವ 4-6 ಅಂಗುಲದ ಚಿತ್ರಕ್ಕೆ 1200-1800, ಅಂದರೆ 21.6 ಲಕ್ಷ ಪಿಕ್ಸೆಲ್ ಸಾಕು. ಗೋಡೆಗೆ ತೂಗುಹಾಕುವ 8-10 ಅಂಗುಲದ ಚಿತ್ರಕ್ಕೆ 72 ಲಕ್ಷ. ಫುಲ್ ಎಚ್‌ಡಿ ಟಿ.ವಿ. ಪರದೆಯಲ್ಲಿರುವುದು ಸುಮಾರು 21 ಲಕ್ಷ, 4ಕೆ ಪರದೆಯಲ್ಲಿ 83 ಲಕ್ಷ. ಬೀದಿಬದಿಯ ದೊಡ್ಡ ಫ್ಲೆಕ್ಸನ್ನು ದೂರದಿಂದಲೇ ನೋಡುವುದರಿಂದ ಅದಕ್ಕೂ ಅಷ್ಟು ದಟ್ಟ ಚುಕ್ಕಿಗಳು ಬೇಕಿಲ್ಲ. ಇನ್ನೊಂದು ಮಾತು: 6 ಮೆಗಾಪಿಕ್ಸೆಲ್ 12 ಆದರೆ ವಿವರ ಇಮ್ಮಡಿಯಾಗುವುದಿಲ್ಲ. ಉದ್ದ, ಅಗಲಗಳೆರಡರಲ್ಲೂ ಚುಕ್ಕಿಗಳು ಎರಡು ಪಟ್ಟಾಗಬೇಕಿದ್ದರೆ 24 ಬೇಕು.

2007ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅಂಕಣಕಾರ ಡೇವಿಡ್ ಪೋಗ್ ಒಂದೇ ಚಿತ್ರವನ್ನು 5, 8 ಮತ್ತು 13 ಮೆಗಾಪಿಕ್ಸೆಲ್‌ಗಳಲ್ಲಿ 16-24 ಅಂಗುಲದಷ್ಟು ದೊಡ್ಡದಾಗಿ ಮುದ್ರಿಸಿ ದಾರಿಹೋಕರಿಗೆ ತೋರಿಸಿದರು. ಬಹುತೇಕ ಮಂದಿಗೆ ವ್ಯತ್ಯಾಸವೇ ತಿಳಿಯಲಿಲ್ಲ!

ಹಾಗಾದರೆ ವ್ಯತ್ಯಾಸ ಬರುವುದೆಲ್ಲಿ? ಬೆಳಕಿನಲ್ಲಿ. ಮಳೆಗಾಲದಲ್ಲಿ ಅಂಗಳದ ತುಂಬ ಪಾತ್ರೆಗಳನ್ನು ಒತ್ತಾಗಿ ಜೋಡಿಸಿಟ್ಟಂತೆ ಸೆನ್ಸರ್ ಮೇಲೆ ಪಿಕ್ಸೆಲ್‌ಗಳಿರುತ್ತವೆ. ದೊಡ್ಡ ಪಾತ್ರೆಗಳನ್ನು ತೆಗೆದು ಸಣ್ಣ ಲೋಟಗಳನ್ನಿಟ್ಟರೆ ಎಣಿಕೆ ಹೆಚ್ಚುತ್ತದೆ, ಸಿಗುವ ನೀರು ಹೆಚ್ಚುವುದಿಲ್ಲ. ಹೆಚ್ಚು ಬೆಳಕು ಬೇಕಿದ್ದರೆ ಅಂಗಳವೇ ದೊಡ್ಡದಾಗಬೇಕು. ಎರಡು ಸಾವಿರದ ದಶಕದ ಜೇಬುಗಾತ್ರದ ಅನೇಕ ಕ್ಯಾಮೆರಾಗಳ ಸೆನ್ಸರ್ ವಿಸ್ತೀರ್ಣ ಸುಮಾರು 25 ಚದರ ಮಿಲಿಮೀಟರ್. ‘ಫುಲ್ ಫ್ರೇಮ್’ ಕ್ಯಾಮೆರಾದಲ್ಲಿ ಅದು 864. ಮದುವೆಮನೆಯ ಮಂಕು ದೀಪದಡಿ ತೆಗೆದ ಚಿತ್ರ ಒಂದರಲ್ಲಿ ಕಾಳುಕಾಳಾಗಿಯೂ ಇನ್ನೊಂದರಲ್ಲಿ ನಯವಾಗಿಯೂ ಬರುವುದಕ್ಕೆ ಮುಖ್ಯ ಕಾರಣ ಇದು.

ತಯಾರಕರಿಗೆ ಇದು ತಿಳಿಯದ್ದೇನಲ್ಲ. 2008ರಲ್ಲಿ 14.7 ಮೆಗಾಪಿಕ್ಸೆಲ್‌ನ ಜಿ10 ತಂದಿದ್ದ ಕ್ಯಾನನ್, ಮರುವರ್ಷ ಅಷ್ಟೇ ಗಾತ್ರದ ಸೆನ್ಸರ್‌ನ ಜಿ11ರಲ್ಲಿ ಎಣಿಕೆಯನ್ನು 10ಕ್ಕೆ ಇಳಿಸಿತು. 2014ರಲ್ಲಿ ಸೋನಿ, ಕತ್ತಲಲ್ಲಿ ಚಿತ್ರೀಕರಿಸುವವರಿಗೆಂದೇ ತಂದ ಎ7ಎಸ್ ಕ್ಯಾಮೆರಾದ ಫುಲ್ ಫ್ರೇಮ್ ಸೆನ್ಸರ್‌ನಲ್ಲಿ ಇಟ್ಟದ್ದು 12 ಮೆಗಾಪಿಕ್ಸೆಲ್ ಮಾತ್ರ. 2023ರ ಸ್ಯಾಮ್‌ಸಂಗ್ ಎಸ್23 ಅಲ್ಟ್ರಾ ಮೊಬೈಲಿನಲ್ಲಿ 200 ಮೆಗಾಪಿಕ್ಸೆಲ್ ಇದ್ದರೂ ಅದು ಸಾಮಾನ್ಯವಾಗಿ 16 ಪಿಕ್ಸೆಲ್‌ಗಳನ್ನು ಒಂದಾಗಿ ಬೆಸೆದು ಸುಮಾರು 12 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ.

ಲೆನ್ಸ್‌ಗೂ ಮಿತಿಯಿದೆ. ಬೆಳಕಿನ ಅಲೆಯ ಗುಣದಿಂದಾಗಿ ಎಂಥ ಪರಿಪೂರ್ಣ ಲೆನ್ಸೂ ಒಂದು ಬಿಂದುವನ್ನು ಬಿಂದುವಾಗಿಯೇ ಮೂಡಿಸಲಾರದು. ಎಫ್ 1.7ರ ಲೆನ್ಸ್‌ನಲ್ಲಿ ಹಸಿರು ಬೆಳಕಿನ ಬಿಂದು ಸುಮಾರು 2.3 ಮೈಕ್ರಾನ್ ಅಗಲದ ಮಚ್ಚೆಯಾಗುತ್ತದೆ. ಮೇಲೆ ಹೇಳಿದ ಮೊಬೈಲಿನ ಒಂದು ಪಿಕ್ಸೆಲ್ ಅಗಲ 0.6 ಮೈಕ್ರಾನ್. ಒಂದು ಮಚ್ಚೆಯನ್ನು ಹತ್ತಾರು ಪಿಕ್ಸೆಲ್‌ಗಳು ಹಂಚಿಕೊಂಡರೆ ಹೊಸ ವಿವರ ಹುಟ್ಟೀತು ಎಲ್ಲಿಂದ?

ಹಾಗೆಂದು ಮೆಗಾಪಿಕ್ಸೆಲ್ ನಿಷ್ಪ್ರಯೋಜಕವೆಂದು ತಳ್ಳಿಹಾಕುವಂತಿಲ್ಲ. ರಂಗನತಿಟ್ಟಿನಲ್ಲಿ ದೂರದ ಕೊಂಬೆಯ ಕೊಕ್ಕರೆಯನ್ನು ಸೆರೆಹಿಡಿದು, ಚೌಕಟ್ಟಿನ ಉದ್ದಗಲಗಳೆರಡರಲ್ಲೂ ಕಾಲು ಭಾಗವನ್ನಷ್ಟೇ ಉಳಿಸಿಕೊಂಡಿರೆನ್ನಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಉಳಿಯುವುದು 15 ಲಕ್ಷ ಪಿಕ್ಸೆಲ್. ಆಲ್ಬಮ್ ಚಿತ್ರಕ್ಕೂ ಕೊಂಚ ಕೊರತೆಯೇ. 45 ಮೆಗಾಪಿಕ್ಸೆಲ್‌ನದ್ದಾದರೆ 28 ಲಕ್ಷ ಉಳಿದು ಧಾರಾಳವಾಗುತ್ತದೆ. ತಾಳೆಗರಿ, ಶಾಸನಗಳ ದಾಖಲೀಕರಣಕ್ಕೂ ಹೆಚ್ಚಿನ ಎಣಿಕೆ ಬೇಕು. ಆದರೆ ಇವರೆಲ್ಲ ಅದಕ್ಕೆ ತಕ್ಕ ದೊಡ್ಡ ಸೆನ್ಸರನ್ನೂ ಒಳ್ಳೆಯ ಲೆನ್ಸನ್ನೂ ಬಳಸುವವರು ಎಂಬುದನ್ನು ಮರೆಯುವಂತಿಲ್ಲ.

ಮನೆಬಳಕೆಗೆ ಕೊಳ್ಳುವವರು 12 ಮೆಗಾಪಿಕ್ಸೆಲ್ ದಾಟಿದ ಮೇಲೆ ಆ ಸಂಖ್ಯೆಯನ್ನು ಬದಿಗಿಟ್ಟು ಸೆನ್ಸರ್ ಗಾತ್ರವನ್ನು ಕೇಳುವುದು ಲೇಸು. ಅಂಗಡಿಯ ಬಾಗಿಲಲ್ಲಿ, ಬಿಸಿಲಿನಲ್ಲಿ ಪರೀಕ್ಷಿಸಿದರೆ ಎಲ್ಲ ಕ್ಯಾಮೆರಾಗಳೂ ಒಳ್ಳೆಯವೇ. ಒಳಗಿನ ಬೆಳಕು ಕಡಿಮೆಯಿರುವ ಮೂಲೆಯಲ್ಲಿ ಯಾರದಾದರೂ ಮುಖದ ಚಿತ್ರ ತೆಗೆದು, ಕೂದಲು ಬಿಡಿಬಿಡಿಯಾಗಿ ಕಾಣುತ್ತದೆಯೋ ಬಣ್ಣ ಬಳಿದಂತೆ ಕಲಸಿಹೋಗಿದೆಯೋ ಎಂದು ಹಿಗ್ಗಿಸಿ ನೋಡಿ, ಬಳಿಕ ದರ ವಿಚಾರಿಸಿ.