ಕೂಲಿಯೆಂಬ ಪರೀಕ್ಷೆ: ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ದುಡಿಮೆ ಮತ್ತು ಬಡತನದ ಹೊಣೆ

2002ರಲ್ಲಿ ಕರ್ನಾಟಕ ಸರ್ಕಾರದ ಕೈಗೆ ಎರಡು ವರದಿಗಳು ಬಂದವು. ಪ್ರಾದೇಶಿಕ ಅಸಮಾನತೆ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳನ್ನು ‘ಅತಿ ಹಿಂದುಳಿದ’ ಸಾಲಿಗೆ ಸೇರಿಸಿತು. ರೈತರ ಆತ್ಮಹತ್ಯೆ ಕುರಿತ ಡಾ. ಜಿ.ಕೆ. ವೀರೇಶ್ ಸಮಿತಿಯ ವರದಿಯೂ ಅದೇ ವರ್ಷದ್ದು. ಕುಡಿತ, ಮನೆಜಗಳ, ಮನಸ್ಸಿನ ಕಾಯಿಲೆಗಳಿಗೆ ಅದು ಅತಿಯಾದ ಒತ್ತು ಕೊಟ್ಟಿದೆ ಎಂಬ ಟೀಕೆ ಆಗಲೇ ಬಂದಿತ್ತು. ಒಂದು ವರದಿಯಲ್ಲಿ ಹಿಂದುಳಿದದ್ದು ನೆಲ, ಇನ್ನೊಂದರಲ್ಲಿ ದಾರಿ ತಪ್ಪಿದ್ದು ಮನುಷ್ಯ. ಈ ಎರಡನೆಯ ನೋಟ ಇಲ್ಲಿಗೆ ಹೊಸದಲ್ಲ. ಬಡವನ ನಡತೆಯ ಮೇಲಿನ ಅನುಮಾನವನ್ನು ಕೂಲಿಯ ದರದೊಳಗೇ ಸೇರಿಸುವ ಕ್ರಮ ಸುಮಾರು 150 ವರ್ಷ ಹಳೆಯದು ಎಂಬುದು ಈ ಲೇಖನದ ವಾದ.

ಹಳೆಯ ದಾಖಲೆಗಳಲ್ಲಿ ಈ ನಾಲ್ಕನ್ನೂ ಇದೇ ಹೆಸರಿನ ತಾಲ್ಲೂಕುಗಳಾಗಿ ಹುಡುಕಿದರೆ ಎಲ್ಲವೂ ಸಿಗುವುದಿಲ್ಲ. 1884ರ ಮುಂಬೈ ಗ್ಯಾಝೆಟಿಯರಿನ ಧಾರವಾಡ ಸಂಪುಟದಲ್ಲಿ ಶಿಗ್ಗಾವಿ ಬಂಕಾಪುರ ತಾಲ್ಲೂಕಿಗೆ ಸೇರಿದೆ, ಹಿರೇಕೆರೂರು ಕೋಡ ತಾಲ್ಲೂಕಿಗೆ. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ನೆಲವೂ ಒಂದೇ ತೆರನಲ್ಲ. ಹಾನಗಲ್ಲದ್ದು ಮಲೆನಾಡಿನ ಸೆರಗು, ಕೆರೆ ನೀರಿನ ಭತ್ತ. ಸವಣೂರಿನ ಕಡೆ ಎರೆಹೊಲ, ಜೋಳ, ಹತ್ತಿ. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ (1861–65) ಧಾರವಾಡದ ಹತ್ತಿಗೆ ಚಿನ್ನದ ಬೆಲೆ ಬಂತು. ಯುದ್ಧ ಮುಗಿದದ್ದೇ ಬೆಲೆ ಕುಸಿಯಿತು. ಆ ಏರುಗಾಲದಲ್ಲಿ ಮಾಡಿದ ಸಾಲ ಮಾತ್ರ ಹಾಗೇ ಉಳಿಯಿತು.

ಧಾತು ಸಂವತ್ಸರದ ಬರ (1876–78) ಬಂದಾಗ ಧಾರವಾಡ ಜಿಲ್ಲೆಯೂ ನಲುಗಿತು. ಸರ್ಕಾರ ರಸ್ತೆ, ಕೆರೆಗಳ ಬರ ಕಾಮಗಾರಿ ತೆರೆಯಿತು. ಬರ ಪರಿಹಾರದ ವೆಚ್ಚ ಬಿಗಿ ಮಾಡಲು ಬಂದ ಸರ್ ರಿಚರ್ಡ್ ಟೆಂಪಲ್ 1877ರ ಆರಂಭದಲ್ಲಿ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಒಂದು ಆಣೆಗೆ ಇಳಿಸಿದ. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಕಲ್ಲು ಒಡೆದು ಮಣ್ಣು ಹೊರುವ ದೇಹಕ್ಕೆ ಇದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ವಾದಿಸಿದ. ಮುಂಬೈ ಪ್ರಾಂತ್ಯದಲ್ಲಿ ಕೂಲಿಕಾರರು ಗುಂಪುಗುಂಪಾಗಿ ಕೆಲಸ ಬಿಟ್ಟು ನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರ ನಿಂತಿತು. ಹಸಿದವರು ಕೆಲಸ ಬಿಟ್ಟದ್ದನ್ನೇ, ಅವರಿಗೆ ನಿಜವಾದ ಹಸಿವಿರಲಿಲ್ಲ ಎಂಬುದಕ್ಕೆ ಸಾಕ್ಷಿ ಮಾಡಿಕೊಳ್ಳಲು ಬರುತ್ತಿತ್ತು. ಇಂಥ ತರ್ಕದೆದುರು ಕೂಲಿಕಾರ ಯಾವ ಕಾಲಕ್ಕೂ ಗೆಲ್ಲಲಾರ.

ಟೆಂಪಲ್‌ನ ದರವನ್ನು ಮುಂದೆ ಸ್ವಲ್ಪ ಹೆಚ್ಚಿಸಿದರು, ಅದರ ಹಿಂದಿನ ತತ್ವವನ್ನು ಕೈಬಿಡಲಿಲ್ಲ. 1880ರ ಬರ ಆಯೋಗದ ನಂತರ ರೂಪುಗೊಂಡ ಬರ ಸಂಹಿತೆಗಳ ಪ್ರಕಾರ ಪರಿಹಾರದ ಕೂಲಿ ಜೀವ ಹಿಡಿಯುವಷ್ಟಿದ್ದರೆ ಸಾಕು. ಅದಕ್ಕಿಂತ ಹೆಚ್ಚಾದರೆ ಅಗತ್ಯವಿಲ್ಲದವರೂ ಬಂದಾರು. ಕೊಟ್ಟ ಅಳತೆಯ ಕೆಲಸ ಮುಗಿಯದಿದ್ದರೆ ಕೂಲಿಯಲ್ಲಿ ಕಡಿತ. ದುಡಿಮೆಯ ಬೆಲೆ ಕಟ್ಟಬೇಕಾದ ದರ ಹೀಗೆ ದುಡಿಯುವವನ ಪ್ರಾಮಾಣಿಕತೆ ಅಳೆಯುವ ಸಾಧನವಾಯಿತು. ಕೊಡುವವನನ್ನು ಅಳೆಯುವ ಸಾಧನ ಯಾವ ಸಂಹಿತೆಯಲ್ಲೂ ಇರಲಿಲ್ಲ.

1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆಯ ದನಿ ಮೃದು. ಮಿತವ್ಯಯ, ಸ್ವಸಹಾಯ, ಸಹಕಾರಗಳಿಗೆ ಉತ್ತೇಜನ ಕೊಡುವುದು ಅದರ ಉದ್ದೇಶ. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಹೊಲವಿದ್ದ ರೈತನನ್ನು ಸಾವಕಾರನ ಬಡ್ಡಿಯಿಂದ ಬಿಡಿಸುವ ದಾರಿಯಾಗಿ ಅದು ದೊಡ್ಡ ಕೆಲಸ. ಆದರೆ ಪಗಾರ ಹೊಟ್ಟೆಗೇ ಸಾಲದ ಆಳು ಮಿತವ್ಯಯ ಮಾಡುವುದು ಯಾವುದರಲ್ಲಿ? ಹಿರೇಕೆರೂರು ಸೀಮೆಯವನೇ ಆದ ಸರ್ವಜ್ಞನ ಸಾಲದ ತ್ರಿಪದಿ ಇಲ್ಲಿ ಎಲ್ಲರ ಬಾಯಲ್ಲಿದೆ. ಅದನ್ನು ಸಾಲ ಮಾಡಿದವನಿಗೆ ಬುದ್ಧಿ ಹೇಳಲು ಬಳಸುತ್ತಾರೆಯೇ ಹೊರತು ಕೂಲಿ ಕೊಡುವವನಿಗಲ್ಲ.

ಸ್ವಾತಂತ್ರ್ಯಾನಂತರದ ಕಾಯ್ದೆಗಳನ್ನು ಬೇಗ ದಾಟಬಹುದು. 1948ರ ಕನಿಷ್ಠ ವೇತನ ಕಾಯ್ದೆ ಕೃಷಿ ಕೂಲಿಯನ್ನೂ ಒಳಗೊಂಡಿತು. 1974ರ ಭೂಸುಧಾರಣೆ ಗೇಣಿದಾರನಿಗೆ ಹೊಲ ಕೊಟ್ಟಿತು, ಆಳಿಗಲ್ಲ. 1976ರಲ್ಲಿ ಜೀತ ರದ್ದಾಯಿತು. ಹಳೆಯ ತತ್ವಕ್ಕೆ ನೇರ ಪೆಟ್ಟು ಬಿದ್ದದ್ದು 1983ರಲ್ಲಿ, ಅದೂ ರಾಜಸ್ಥಾನದ ಬರ ಕಾಮಗಾರಿಯ ಮೊಕದ್ದಮೆಯಲ್ಲಿ. ಬರ ಪರಿಹಾರದ ಕೆಲಸವಾದರೂ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆ ಎಂದು ಸಂಜಿತ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಆದರೂ 2005ರ ಉದ್ಯೋಗ ಖಾತರಿ ಕಾಯ್ದೆಯ 6ನೇ ಕಲಂ, ಕನಿಷ್ಠ ವೇತನ ಕಾಯ್ದೆಯಲ್ಲಿ ಏನೇ ಇದ್ದರೂ ಕೇಂದ್ರವೇ ಬೇರೆ ದರ ಗೊತ್ತುಮಾಡಬಹುದು ಎಂದಿತು. ಹಾವೇರಿ ಜಿಲ್ಲೆಗೆ ಈ ಯೋಜನೆ ಬಂದದ್ದು 2008ರ ಏಪ್ರಿಲ್‌ನಲ್ಲಿ. ಖಾತರಿಯ ಕೂಲಿ ಕನಿಷ್ಠ ವೇತನಕ್ಕಿಂತ ಕೆಳಗಿರಬಾರದೆಂದು ಕರ್ನಾಟಕ ಹೈಕೋರ್ಟ್ 2011ರ ಸೆಪ್ಟೆಂಬರ್‌ನಲ್ಲಿ ತೀರ್ಪಿತ್ತಿತು. ಮರುವರ್ಷ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಡಲು ಒಪ್ಪಲಿಲ್ಲ. 2025–26ರಲ್ಲಿ ರಾಜ್ಯದ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. 2023ರಿಂದ ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಬರ ಸಂಹಿತೆಯ ಕಾಲದ ಅನುಮಾನ ಹೀಗೆ ಮೊಬೈಲಿಗೆ ಬಂತು.

ಕೂಲಿ ಕೊಡುವವರ ಮಾತನ್ನೂ ಕೇಳಬೇಕು. ಪಡಿತರ ಅಕ್ಕಿಯ ಅನ್ನಭಾಗ್ಯ ಯೋಜನೆ ಬಂದ ಮೇಲೆ ‘ಆಳು ಸಿಗವಲ್ಲವು’ ಎಂಬ ದೂರು ಕಟ್ಟೆಗಳ ಮೇಲೆ ಸಾಮಾನ್ಯ. ಅಕ್ಕಿ ಜನರನ್ನು ಸೋಮಾರಿ ಮಾಡಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮನೆಯಲ್ಲಿ ಕಾಳಿದ್ದವರು ಕೊಟ್ಟಷ್ಟಕ್ಕೆ ಒಪ್ಪಬೇಕಿಲ್ಲ, ಅಷ್ಟೆ. ಆದರೆ ಹಾಗೆ ದೂರುವ ರೈತನೂ ಬಹುಪಾಲು ಸಣ್ಣ ಹಿಡುವಳಿದಾರ. 2025–26ಕ್ಕೆ ಗೋವಿನಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದಿದ್ದರೂ ಪೇಟೆಯ ದರ ಅದಕ್ಕಿಂತ ಬಹಳ ಕೆಳಗಿಳಿದು ಹಾವೇರಿ, ಗದಗ ಜಿಲ್ಲೆಗಳ ರೈತರು ಬೀದಿಗಿಳಿದರು. ಬೀಜೋತ್ಪಾದನೆಯ ಹೊಲಗಳಲ್ಲಿ ಹೀಗೆ ಹೊರೆ ಕೆಳಗೆ ದಾಟಿಸುವ ಸರಪಳಿ ಇನ್ನೂ ಉದ್ದ. ಹೂವು ಹೂವಿಗೂ ಕೈಯಿಂದ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸ ಹೆಚ್ಚಾಗಿ ಹೆಣ್ಣುಮಕ್ಕಳದು. ಬೀಜದ ದರ ಕಂಪನಿ ಮೊದಲೇ ಗೊತ್ತುಮಾಡಿರುತ್ತದೆ; ಬೆಳೆಗಾರ ಉಳಿಸಬಹುದಾದದ್ದು ಕೂಲಿಯೊಂದರಲ್ಲೇ.

ಕೂಲಿಗೂ ಖರ್ಚಿಗೂ ನಡುವಿನ ಅಂತರವನ್ನು ಈಗ ತುಂಬುತ್ತಿರುವುದು ಮೈಕ್ರೋಫೈನಾನ್ಸ್ ಸಾಲ. ಗುಂಪಿನಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. 1904ರ ಸ್ವಸಹಾಯ ಇಲ್ಲಿ ನೆರೆಮನೆಯವಳ ಮೇಲಿನ ಕಾವಲಾಗಿದೆ. 2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಮಹಿಳೆಯರು ವಸೂಲಿ ಕಿರುಕುಳದ ವಿರುದ್ಧ ಮುಖ್ಯಮಂತ್ರಿಗೆ ಅಂಚೆಯಲ್ಲಿ ತಾಳಿ ಕಳಿಸುವ ಚಳವಳಿ ಹೂಡಿದರು. ಮುಂದಿನ ತಿಂಗಳು ಬಂದ ಸುಗ್ರೀವಾಜ್ಞೆ ಬಲವಂತದ ವಸೂಲಿಯನ್ನು ಶಿಕ್ಷಾರ್ಹ ಅಪರಾಧ ಮಾಡಿತು. ಆ ಕಂತನ್ನು ಯಾವ ಕೂಲಿಯಿಂದ ಕಟ್ಟಬೇಕೆಂಬ ವಿಷಯ ಅದರ ವ್ಯಾಪ್ತಿಗೆ ಬರಲಿಲ್ಲ.