ಗಡಿ ಬದಲಾಯಿತು, ಮತಪೆಟ್ಟಿಗೆ ತುಂಬಿತು

1956ರ ನವೆಂಬರ್ 1ರಂದು ಬೀದರಿನ ಜಹೀರಾಬಾದ್, ನಾರಾಯಣಖೇಡ ಮತ್ತು ಗುಲಬರ್ಗಾದ ತಾಂಡೂರು ಆಂಧ್ರಪ್ರದೇಶದ ಪಾಲಾದವು. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ವೃತ್ತವೊಂದು ಮಾತ್ರ ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡದ ಮನೆಗಳು ಇದ್ದಲ್ಲೇ ಇದ್ದವು; ವಿಧಾನಸಭೆ ಬೇರೆಯಾಯಿತು, ಅಷ್ಟೇ.

ಮರುವರ್ಷವೇ ಚುನಾವಣೆ. ಜಹೀರಾಬಾದಿನಲ್ಲಿ ಗೆದ್ದ ಕಾಂಗ್ರೆಸ್ಸಿನ ಎಂ. ಬಾಗಾರೆಡ್ಡಿ ಸತತ ಏಳು ಸಲ ಶಾಸಕರಾದರು. 1983ರಲ್ಲಿ ಎನ್.ಟಿ. ರಾಮರಾವ್ ಅಲೆಗೆ ಘಟಾನುಘಟಿಗಳು ಕೊಚ್ಚಿಹೋದರೂ ಇವರು ಜಗ್ಗಲಿಲ್ಲ.

ನಾರಾಯಣಖೇಡದವರು ಇಷ್ಟು ನಿಷ್ಠರಲ್ಲ. ಶಾಸಕ ಪಿ. ಕಿಷ್ಟಾರೆಡ್ಡಿ ನಿಧನದ ನಂತರ, 2016ರ ಫೆಬ್ರುವರಿಯ ಉಪಚುನಾವಣೆಯಲ್ಲಿ ಶೇ. 80ಕ್ಕೂ ಹೆಚ್ಚು ಮತದಾನವಾಗಿ, ಕಾಂಗ್ರೆಸ್ಸಿನ ಸ್ಥಾನ 53,625 ಮತಗಳ ಅಂತರದಲ್ಲಿ ಟಿಆರ್‌ಎಸ್‌ಗೆ ಹೋಯಿತು. ಅನುಕಂಪ ಕೆಲಸ ಮಾಡಲಿಲ್ಲ.

ಜಹೀರಾಬಾದ್ ಲೋಕಸಭಾ ಕ್ಷೇತ್ರದ ಕಥೆ ಇನ್ನೂ ಸ್ವಾರಸ್ಯ. 2009ರಲ್ಲಿ ಸುರೇಶ ಶೆಟಕಾರ್, ಮುಂದಿನೆರಡು ಸಲ ಬಿ.ಬಿ. ಪಾಟೀಲ್, 2024ರಲ್ಲಿ ಮತ್ತೆ ಶೆಟಕಾರ್: ಇಬ್ಬರೂ ಲಿಂಗಾಯತರು. 2019ರಲ್ಲಿ ಬರೀ 6,229 ಮತಗಳಿಂದ ಪಾರಾಗಿದ್ದ ಪಾಟೀಲರು 2024ರಲ್ಲಿ ಬಿಜೆಪಿಗೆ ಹಾರಿಯೂ ಸೋತರು. ಇಲ್ಲಿ ಮತದಾನ ಶೇ. 74 ದಾಟಿತ್ತು; ಅದೇ ಚುನಾವಣೆಯಲ್ಲಿ ಹೈದರಾಬಾದ್ ನಗರದಲ್ಲಿ ಅರ್ಧದಷ್ಟು ಮತದಾರರೂ ಮತಗಟ್ಟೆಗೆ ಬಂದಿರಲಿಲ್ಲ.