ಗೆಲ್ಲುವುದಕ್ಕಾಗಿ ಸೋಲುವವರು

ಆನವಟ್ಟಿ, ಕುಬಟೂರುಗಳ ಸುತ್ತಿನ ಸೀಮೆ ವೀರಗಲ್ಲುಗಳ ಸೀಮೆ. ಸೊರಬ, ಶಿಕಾರಿಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ, ಗುಡಿಯ ಮಗ್ಗುಲಲ್ಲೋ ಕೆರೆಯ ಏರಿಯ ಮೇಲೋ ಇಂಥ ಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ನೋಟ, ಮೇಲೆ ಶಿವಸಾನ್ನಿಧ್ಯ. ತುರುಗಳನ್ನು ಕಾಯಲು ಹೋಗಿಯೋ ಊರಳಿವನ್ನು ತಡೆಯಲು ನಿಂತೋ ಮಡಿದವರ ನೆನಪಿಗೆ ನೆಟ್ಟ ಕಲ್ಲುಗಳಿವು. ಕಾದಾಡಿ ಸೋತವನಿಗೂ ನಮ್ಮ ಹಿರಿಯರು ಗೌರವದ ಸ್ಥಾನ ಕೊಟ್ಟಿದ್ದರು. ಆದರೆ ಲಾಭದ ಲೆಕ್ಕ ಹಾಕಿ ಬೇಕೆಂದೇ ಸೋತವನಿಗೆ ಯಾರೂ ಕಲ್ಲು ನೆಟ್ಟಂತೆ ಕಾಣೆವು.

ಇಂದು ಅದೇ ಸೀಮೆಯ ಬಯಲುಗಳಲ್ಲಿ ರಾತ್ರಿ ದೀಪದ ಬೆಳಕಿನಲ್ಲಿ ಕಬಡ್ಡಿ, ವಾಲಿಬಾಲ್ ಪಂದ್ಯಗಳು ನಡೆಯುತ್ತವೆ. ಅಲ್ಲಿ ಮುಂದಿನ ಸುತ್ತಿನ ಲೆಕ್ಕಕ್ಕಾಗಿ ಸೋಲುವ ಮಾತೇ ಏಳುವುದಿಲ್ಲ. ಆಟಗಾರರೆಲ್ಲ ಧರ್ಮರಾಯರೆಂದು ಇದರ ಅರ್ಥವಲ್ಲ. ಸೋತವರು ಆಗಲೇ ಚೀಲ ಹೆಗಲಿಗೇರಿಸಿ ಮನೆಯ ದಾರಿ ಹಿಡಿಯಬೇಕಾದ ನಾಕ್‌ಔಟ್ ಕ್ರಮದಲ್ಲಿ ಮುಂದಿನ ಸುತ್ತೆಂಬುದೇ ಅವರಿಗೆ ಉಳಿಯುವುದಿಲ್ಲ. ಸೋಲಿನಿಂದ ಲಾಭವಾಗಬೇಕಾದರೆ ಸೋತ ಮೇಲೂ ಆಟ ಉಳಿದಿರಬೇಕು. ಆ ಸೌಕರ್ಯವನ್ನು ಒದಗಿಸಿದ್ದು ಲೀಗ್ ಪದ್ಧತಿ.

1888ರಲ್ಲಿ ವಿಲಿಯಂ ಮೆಕ್‌ಗ್ರೆಗರ್ ಎಂಬವರ ಪ್ರಯತ್ನದಿಂದ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಲೀಗ್ ಹುಟ್ಟಿತು. ಹನ್ನೆರಡು ಕ್ಲಬ್ಬುಗಳು, ಪ್ರತಿಯೊಂದು ಕ್ಲಬ್ಬೂ ಉಳಿದ ಹನ್ನೊಂದರೊಡನೆ ಎರಡೆರಡು ಸಲ ಆಡಬೇಕು, ಒಟ್ಟು 22 ಪಂದ್ಯ. ಒಂದು ದಿನದ ದುರದೃಷ್ಟದಿಂದ ಒಳ್ಳೆಯ ತಂಡ ಹೊರಬೀಳದೆ, ವರ್ಷವಿಡೀ ಚೆನ್ನಾಗಿ ಆಡಿದವರು ಮೇಲೆ ಬರುವ ಈ ವ್ಯವಸ್ಥೆ ನ್ಯಾಯವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಂಕಪಟ್ಟಿಯೊಡನೆ ಲೆಕ್ಕಾಚಾರವೂ ಮೈದಾನವನ್ನು ಹೊಕ್ಕಿತು.

ಅದರ ಫಲ ಹತ್ತೇ ವರ್ಷಗಳಲ್ಲಿ ಕಾಣಿಸಿತು. ಆಗ ಮೊದಲ ದರ್ಜೆಯ ಕೊನೆಯ ಎರಡು ತಂಡಗಳಿಗೂ ಎರಡನೆಯ ದರ್ಜೆಯ ಮೊದಲ ಎರಡು ತಂಡಗಳಿಗೂ ಪರೀಕ್ಷಾ ಪಂದ್ಯಗಳನ್ನು ಏರ್ಪಡಿಸಿ, ಮೇಲೆ ಉಳಿಯತಕ್ಕವರು ಯಾರೆಂದು ತೀರ್ಮಾನಿಸುವ ಪದ್ಧತಿಯಿದ್ದಿತು. 1898ರಲ್ಲಿ ಸ್ಟೋಕ್ ಮತ್ತು ಬರ್ನ್ಲಿ ತಂಡಗಳು ಕೊನೆಯ ಪಂದ್ಯದಲ್ಲಿ ಎದುರಾದಾಗ ಸಮನಾದರೆ ಇಬ್ಬರಿಗೂ ಕ್ಷೇಮ ಎಂಬ ಸ್ಥಿತಿ ಬಂತು. ಇಬ್ಬರೂ ಗೋಲಿನ ಗೊಡವೆಗೆ ಹೋಗಲಿಲ್ಲ, ಪಂದ್ಯ 0–0. ಗಲಭೆಯೆದ್ದಿತು. ಲೀಗಿನವರು ಮೊದಲ ದರ್ಜೆಯನ್ನು 16 ತಂಡಗಳಿಂದ 18ಕ್ಕೆ ಏರಿಸಿದರು. ಪರೀಕ್ಷಾ ಪಂದ್ಯಗಳನ್ನು ಕೈಬಿಟ್ಟು, ಕೊನೆಯ ಸ್ಥಾನದವರು ತಾವಾಗಿಯೇ ಕೆಳಗಿಳಿಯುವ, ಮೊದಲಿನವರು ಮೇಲೇರುವ ಕ್ರಮವನ್ನು ತಂದರು. ಕೆಳಗೆ ಬಿದ್ದರೆ ದರ್ಜೆಯೇ ಹೋಗುವುದೆಂದ ಮೇಲೆ ಕೊನೆಯ ಸ್ಥಾನಕ್ಕೆ ಯಾರು ಆಸೆಪಟ್ಟಾರು?

ಆದರೂ ಹುಳುಕು ಬೇರೆ ಬೇರೆ ಕಡೆ ತಲೆಯೆತ್ತಿತು. 1982ರ ವಿಶ್ವಕಪ್ಪಿನಲ್ಲಿ ಅಲ್ಜೀರಿಯ ಪಶ್ಚಿಮ ಜರ್ಮನಿಯನ್ನು ಸೋಲಿಸಿ ಜಗತ್ತನ್ನು ಬೆರಗುಗೊಳಿಸಿತ್ತು. ತನ್ನ ಪಂದ್ಯಗಳನ್ನು ಒಂದು ದಿನ ಮುಂಚೆಯೇ ಮುಗಿಸಿಯೂ ಇತ್ತು. ಮರುದಿನ, ಜೂನ್ 25ರಂದು, ಸ್ಪೇನಿನ ಖೀಹೋನ್ ನಗರದಲ್ಲಿ ಪಶ್ಚಿಮ ಜರ್ಮನಿಗೂ ಆಸ್ಟ್ರಿಯಕ್ಕೂ ಪಂದ್ಯ. ಜರ್ಮನಿ 1–0ಯಿಂದ ಗೆದ್ದರೆ ಇಬ್ಬರೂ ಮುಂದಿನ ಸುತ್ತಿಗೆ, ಅಲ್ಜೀರಿಯ ಮನೆಗೆ. ಮೊದಲ ಹನ್ನೊಂದು ನಿಮಿಷಗಳೊಳಗೆ ಜರ್ಮನಿಯ ಗೋಲು ಬಂತು. ಅಲ್ಲಿಂದ ಮುಂದೆ ಚೆಂಡು ಅಂಗಳದ ನಡುವೆ ಅಡ್ಡಾಡಿಕೊಂಡಿತ್ತೇ ಹೊರತು ಆಟ ನಡೆಯಲಿಲ್ಲ. ಅಲ್ಜೀರಿಯದ ದೂರು ನಿಲ್ಲಲಿಲ್ಲ. ಆದರೆ 1986ರ ವಿಶ್ವಕಪ್ಪಿನಿಂದ ಒಂದು ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವ ನಿಯಮ ಬಂತು. ಮತ್ತೊಬ್ಬರ ಫಲಿತಾಂಶ ನೋಡಿಕೊಂಡು ಆಡುವ ಅನುಕೂಲ ತಪ್ಪಿತು.

ಇದೆಲ್ಲ ಹೊರದೇಶದ ಕಥೆಯೆಂದು ವಾಚಕರು ಬದಿಗಿಡಬಾರದು. ಈ ಪಿಡುಗಿನ ಬಿಸಿ ನಮ್ಮ ಕನ್ನಡನಾಡಿನ ಆಟಗಾರ್ತಿಯೊಬ್ಬರನ್ನು ಬಹಳ ಹತ್ತಿರದಿಂದ ತಾಕಿದೆ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವತಿ ಅಶ್ವಿನಿ ಪೊನ್ನಪ್ಪ, ಜ್ವಾಲಾ ಗುಟ್ಟಾರೊಡನೆ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬ್ಯಾಡ್ಮಿಂಟನ್ ಮಹಿಳಾ ಡಬಲ್ಸ್ ಚಿನ್ನವನ್ನೂ 2011ರ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಕಂಚನ್ನೂ ಗೆದ್ದವರು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಈ ಆಟಕ್ಕೆ ನೇರ ನಾಕ್‌ಔಟಿನ ಬದಲು ಮೊದಲು ಗುಂಪಿನ ಸುತ್ತು ಎಂಬ ಹೊಸ ಏರ್ಪಾಡು ಬಂದಿತ್ತು. ನಮ್ಮ ಜೋಡಿ ಮೂರರಲ್ಲಿ ಎರಡು ಪಂದ್ಯ ಗೆದ್ದಿತು. ಚೀನೀ ತೈಪೆಯನ್ನೂ ಮಣಿಸಿತು. ಆದರೆ ಅದೇ ಗುಂಪಿನಲ್ಲಿ ಜಪಾನಿನ ಜೋಡಿ ತೈಪೆಗೆ ಸೋತದ್ದರಿಂದ ಮೂರು ಜೋಡಿಗಳಿಗೂ ಎರಡೆರಡು ಗೆಲುವು. ಒಂದೇ ಒಂದು ಅಂಕದ ಅಂತರದಿಂದ ಭಾರತದ ಜೋಡಿ ಹೊರಗುಳಿಯಿತು. ಆ ಪಂದ್ಯವನ್ನು ಪರಿಶೀಲಿಸಬೇಕೆಂದು ಭಾರತ ದೂರು ಕೊಟ್ಟಿತು, ಅದು ತಿರಸ್ಕೃತವಾಯಿತು. ಜಪಾನಿನವರು ಬೇಕೆಂದೇ ಸೋತರೆಂದು ತೀರ್ಮಾನವಾಗಲಿಲ್ಲ. ಆದ್ದರಿಂದ ನಾವೂ ಹಾಗೆನ್ನಲಾಗದು. ಆದರೆ ಸೋಲಿನಿಂದ ಲಾಭವಾಗುವ ಏರ್ಪಾಡಿನಲ್ಲಿ ನಿಜವಾದ ಸೋಲನ್ನೂ ಯಾರೂ ನಂಬದಂತಾಗುತ್ತದೆ. ಇದು ಅದರ ಮೊದಲ ಕೇಡು.

ಅದೇ ಕ್ರೀಡಾಂಗಣದಲ್ಲಿ ಜುಲೈ 31ರಂದು ಮುಚ್ಚುಮರೆಯಿಲ್ಲದೆಯೇ ನಾಟಕ ನಡೆಯಿತು. ಚೀನದ ಎರಡನೆಯ ಜೋಡಿ ತನ್ನ ಗುಂಪಿನಲ್ಲಿ ಅನಿರೀಕ್ಷಿತವಾಗಿ ದ್ವಿತೀಯವಾದದ್ದರಿಂದ, ಮೊದಲ ಜೋಡಿ ಗುಂಪಿನಲ್ಲಿ ಗೆದ್ದರೆ ಫೈನಲಿಗೆ ಮುಂಚೆಯೇ ಸ್ವದೇಶದವರನ್ನು ಎದುರಿಸಬೇಕಾಗಿತ್ತು. ಆದ್ದರಿಂದ ಅವರಿಗೆ ಸೋಲು ಬೇಕಾಯಿತು. ಎದುರಿನ ಕೊರಿಯದವರಿಗೂ ಗೆಲುವು ಬೇಡವಾಯಿತು. ಸರ್ವೀಸು ಬಲೆಗೆ, ಹೊಡೆತ ಗೆರೆಯಾಚೆಗೆ! ಜನ ಕೂಗಿ ಛೀಮಾರಿ ಹಾಕಿದರು. ಮುಂದಿನ ಪಂದ್ಯದಲ್ಲಿ ಮತ್ತೊಂದು ಕೊರಿಯ ಜೋಡಿಯೂ ಇಂಡೊನೇಷ್ಯದ ಜೋಡಿಯೂ ಇದೇ ಪಾಠವನ್ನು ಒಪ್ಪಿಸಿದರು. ಮರುದಿನ ಎಂಟು ಮಂದಿ ಆಟಗಾರ್ತಿಯರನ್ನು ಪಂದ್ಯಾವಳಿಯಿಂದ ಹೊರಹಾಕಲಾಯಿತು.

ಶಿಕ್ಷೆ ಬೇಕಿತ್ತು, ಆದರೆ ಅದೊಂದೇ ಸಾಲದೆಂಬುದು ವಿಶ್ವ ಬ್ಯಾಡ್ಮಿಂಟನ್ ಸಂಸ್ಥೆಗೆ ತಿಳಿಯಿತು. ಗುಂಪಿನ ಪಂದ್ಯಗಳೆಲ್ಲ ಮುಗಿದ ಮೇಲೆ, ಎರಡನೆಯ ಸ್ಥಾನದ ಜೋಡಿಗಳಿಗೆ ಹೊಸದಾಗಿ ಚೀಟಿಯೆತ್ತಿ ಎದುರಾಳಿಯನ್ನು ಗೊತ್ತುಮಾಡುವ ನಿಯಮ ಬಂತು. ಸೋತರೆ ಯಾರು ಸಿಕ್ಕುವರೆಂಬುದೇ ತಿಳಿಯದ ಮೇಲೆ ಸೋಲುವುದೇಕೆ? ಅಂದು ಹೊರಬಿದ್ದ ಎಂಟು ಮಂದಿಯಲ್ಲಿ ಒಬ್ಬರಾದ ಇಂಡೊನೇಷ್ಯದ ಗ್ರೇಷಿಯ ಪೊಲೀ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ಮಹಿಳಾ ಡಬಲ್ಸ್ ಚಿನ್ನವನ್ನೇ ಗೆದ್ದರು. ಲಂಡನ್ನಿನಲ್ಲಿ ಷಟಲನ್ನು ಬಲೆಗೆ ಹೊಡೆದ ಕೈಯೇ ಟೋಕಿಯೊದಲ್ಲಿ ಚಿನ್ನಕ್ಕಾಗಿ ಹೋರಾಡಿತು. ಮನುಷ್ಯನನ್ನು ಕೆಟ್ಟವನೆಂದು ತೀರ್ಮಾನಿಸುವ ಮುನ್ನ ಅವನನ್ನು ನಿಲ್ಲಿಸಿದ ಜಾಗವನ್ನೂ ನೋಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಅಮೆರಿಕದಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿನ ಲೀಗುಗಳಲ್ಲಿ ದರ್ಜೆಯಿಂದ ಕೆಳಗಿಳಿಯುವ ಭಯವಿಲ್ಲ. ಜೊತೆಗೆ, ಬಡ ತಂಡ ಬಲಗೊಳ್ಳಲೆಂದು ಕೊನೆಯ ಸ್ಥಾನದವರಿಗೆ ಹೊಸ ಪ್ರತಿಭೆಯನ್ನು ಆರಿಸಿಕೊಳ್ಳುವ ಮೊದಲ ಹಕ್ಕು. ದಯೆಯಿಂದ ಮಾಡಿದ ನಿಯಮ ಸೋಲಿಗೆ ಬಹುಮಾನವಾಯಿತು! ಬ್ಯಾಸ್ಕೆಟ್‌ಬಾಲ್ ಲೀಗಿನವರು 1985ರಲ್ಲಿ ಲಾಟರಿ ತಂದರು. 2019ರಲ್ಲಿ ಕೊನೆಯ ಮೂರು ತಂಡಗಳಿಗೂ ಸಮಾನವಾಗಿ ನೂರಕ್ಕೆ 14ರಷ್ಟು ಅವಕಾಶವನ್ನಿತ್ತರು. 2024ರಲ್ಲಿ ಆರಂಭವಾದ ಮಹಿಳೆಯರ ಐಸ್ ಹಾಕಿ ಲೀಗಿನ ಉಪಾಯ ಇನ್ನೂ ಜಾಣತನದ್ದು. ಪ್ರಶಸ್ತಿಯ ಹಾದಿಯಿಂದ ಹೊರಬಿದ್ದ ಮೇಲೆ ಯಾವ ತಂಡ ಹೆಚ್ಚು ಅಂಕ ಗಳಿಸುವುದೋ ಅದಕ್ಕೆ ಮೊದಲ ಆಯ್ಕೆ. ಬೇಗ ಹೊರಬಿದ್ದ ಬಡ ತಂಡಕ್ಕೆ ಅಂಕ ಗಳಿಸಲು ಹೆಚ್ಚು ಪಂದ್ಯಗಳು ಸಿಗುತ್ತವೆ. ಆದರೆ ಗೆದ್ದೇ ಪಡೆಯಬೇಕು.

ನಮ್ಮಲ್ಲಿಯೂ ಒಳ್ಳೆಯ ಮಾದರಿಗಳಿಲ್ಲದಿಲ್ಲ. ಪ್ರೊ ಕಬಡ್ಡಿ ಲೀಗಿನಲ್ಲಿ ಹಲವು ವರ್ಷ ಗೆದ್ದವರಿಗೆ 5 ಅಂಕವಾದರೆ, 7 ಅಥವಾ ಅದಕ್ಕೂ ಕಡಿಮೆ ಅಂತರದಿಂದ ಸೋತವರಿಗೂ 1 ಅಂಕವಿತ್ತು. ಸೋಲು ಖಚಿತವಾದ ಮೇಲೂ ಕೊನೆಯ ಕ್ಷಣದವರೆಗೆ ಸೆಣಸಲು ಅದೊಂದು ನೆಪ. ಐಪಿಎಲ್ ಕ್ರಿಕೆಟ್ಟಿನಲ್ಲಿ 2011ರಿಂದ ಮೊದಲ ಎರಡು ಸ್ಥಾನದವರಿಗೆ ಫೈನಲ್ ತಲುಪಲು ಎರಡು ಅವಕಾಶ. ಅದರ ಗುಣ 2025ರ ಮೇ ತಿಂಗಳಲ್ಲಿ ಕಂಡಿತು. ಬೆಂಗಳೂರು ತಂಡ ಆಗಲೇ ಮೊದಲ ನಾಲ್ಕರಲ್ಲಿ ಸ್ಥಾನ ಗಿಟ್ಟಿಸಿಕೊಂಡಿದ್ದಿತು. ಆದರೂ ಎರಡನೆಯ ಸ್ಥಾನಕ್ಕಾಗಿ ಲಖನೌದಲ್ಲಿ 228 ಓಟಗಳ ಗುರಿಯನ್ನು ಬೆನ್ನಟ್ಟಿ ಗೆದ್ದಿತು. ಆ ವರ್ಷದ ಪ್ರಶಸ್ತಿಯೂ ಅದರದಾಯಿತು.

ಯಾವ ನಿಯಮವೂ ಶೀಲವನ್ನು ಸೃಷ್ಟಿಸಲಾರದು, ನಿಜ. ಆದರೆ ಕೆಟ್ಟ ನಿಯಮ ಪ್ರಾಮಾಣಿಕನ ಮೇಲೆ ದಂಡ ವಿಧಿಸಬಲ್ಲದು. ಖೀಹೋನಿನಲ್ಲಿ ಆ ದಂಡ ತೆತ್ತದ್ದು ಅಲ್ಜೀರಿಯ. ಆಟಗಾರನಿಗೆ ನೀತಿಬೋಧೆ ಮಾಡುವ ಮುನ್ನ ಪಂದ್ಯಾವಳಿ ಹೂಡುವವರು ತಮ್ಮ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಇದರಲ್ಲಿ ಎಲ್ಲಿಯಾದರೂ ಸೋತವನಿಗೆ ಗೆದ್ದವನಿಗಿಂತ ಹೆಚ್ಚು ಸಿಗುವುದೆ? ಸಿಗುವುದಾದರೆ ಆ ಗೆರೆಯನ್ನು ಅಳಿಸಿ ಬರೆಯುವುದು ಅವರ ಕರ್ತವ್ಯ.